ಮುಶಿಬಾ ಅಂದ್ರೆ ಹುಳುಕು ಹಲ್ಲು ಕಣ್ರೀ

ಇಲ್ಲಿ ಬರೆದು ಎರಡು ತಿಂಗಳಾಯ್ತು. ಕಾರಣ ಜಪಾನೀ ಭಾಷೆ. ಹೊಸ ಪ್ರಾಜೆಕ್ಟಿನ ಕ್ಲೈಂಟು ಜಪಾನಿನವರು, ಹಾಗಾಗಿ ವಾರಕ್ಕೆರಡು ಸಂಜೆ ಆಫೀಸಿನಲ್ಲೇ ಪಾಠ. ಮೈಕೈ ನೋವು, ಜ್ವರ, ನೆಗಡಿಯ ಪದಗಳ ದಿನ ಒಂದು ಪದ ಬಂತು: ಮುಶಿಬಾ. ಮುಶಿ ಅಂದ್ರೆ ಹುಳು, ಹಾ ಅಂದ್ರೆ ಹಲ್ಲು. ನಮ್ಮಲ್ಲಿ ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ ಅವರಲ್ಲಿ ಹಾ ಹೋಗಿ ಬಾ ಆಗುತ್ತೆ. ಪಕ್ಕದವರೆಲ್ಲ ಪುಸ್ತಕದಲ್ಲಿ 'ಕ್ಯಾವಿಟಿ' ಅಂತ ಬರ್ಕೊಂಡ್ರು. ನಾನು 'ಹುಳುಕು ಹಲ್ಲು' ಅಂತ ಬರ್ಕೊಂಡೆ. ಆ ಪದವನ್ನ ಎರಡನೇ ಸಲ ಉರು ಹೊಡೆಯೋ ಕೆಲಸವೇ ಬೀಳಲಿಲ್ಲ :)

ಖುಷಿ ಅಲ್ಲಿಗೇ ಮುಗೀತು. ಆಮೇಲೆ ಶುರುವಾಗಿದ್ದು ಸಿಟ್ಟು.

ನೋಡಿ, ಜಪಾನಿನ ಹಲ್ಲಿನ ಡಾಕ್ಟರಿಗೂ ಹಲ್ಲಲ್ಲಿ ಹುಳ ಇಲ್ಲ ಅಂತ ಗೊತ್ತು. ಅವರ ವೈದ್ಯ ಪುಸ್ತಕದಲ್ಲಿ ಇದಕ್ಕೆ 'ಉಶೋಕು' ಅನ್ನೋ ಬೇರೆ ಪದವೇ ಇದೆ. ಆದರೆ ರೋಗಿ ಎದುರಿಗೆ ಕೂತಾಗ ಹೇಳೋದು ಮುಶಿಬಾ. 1928ರಲ್ಲಿ ಅಲ್ಲಿನ ದಂತವೈದ್ಯರ ಸಂಘ ಜೂನ್ 4ನ್ನು ಮುಶಿಬಾ ತಡೆಯೋ ದಿನ ಅಂತ ಮಾಡ್ತು. ಯಾಕೆ ಜೂನ್ 4? ಆರಕ್ಕೆ 'ಮು', ನಾಲ್ಕಕ್ಕೆ 'ಶಿ' ಅಂತ ಓದಬಹುದು, ಅದಕ್ಕೆ. ಮಕ್ಕಳ ಬಾಯಲ್ಲಿದ್ದ ಪದವನ್ನೇ ಹಿಡಿದು ಇಡೀ ದೇಶಕ್ಕೆ ಹಲ್ಲುಜ್ಜೋದು ಹೇಳಿಕೊಟ್ಟರು.

ನಮ್ಮಲ್ಲಿ? ನಾನೇ ಒಂದು ಸಲ ಬೆಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ 'ಹುಳುಕಾಗಿದೆ ಡಾಕ್ಟ್ರೇ' ಅಂದಿದ್ದಕ್ಕೆ ಅವರು ನಕ್ಕು, 'ಹುಳ ಗಿಳ ಏನೂ ಇರಲ್ಲ ರೀ, ಅದು ಕ್ಯಾರೀಸ್' ಅಂದ್ರು. ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ ಹೇಳ್ತೀವಿ ಅಂತ ಹೊರಟವರು 'ದಂತಕ್ಷಯ' ಅಂತಾರೆ. ನಮ್ಮೂರಲ್ಲಿ ಕ್ಷಯ ಅಂದ್ರೆ ಟೀಬಿ ಸ್ವಾಮೀ! ಬದನೆಕಾಯಿ ಹುಳುಕಾಗಬಹುದಂತೆ, ಹಲ್ಲು ಆಗಬಾರದಂತೆ.

ನಮ್ಮೂರು ಅಂದೆನಲ್ಲ, ಚಿಕ್ಕಬಳ್ಳಾಪುರದ ಕಡೆಯ ಮಂಡಿಕಲ್. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ತೆಲುಗಿನಲ್ಲೂ 'ಪುಚ್ಚು ಪಳ್ಳು' ಅಂದ್ರೆ ಹುಳುಕು ಹಲ್ಲೇ. ಅಲ್ಲಿರೋ ನಮ್ಮ ಅಕ್ಕನ ಮಗಳು ನಾಲ್ಕನೇ ಕ್ಲಾಸು. ಹೋದ ವರ್ಷ ಅವಳ ಸ್ಕೂಲಿಗೆ ಯಾರೋ ಬಂದು ಹಲ್ಲು ನೋಡಿ, ಒಂದು ಕಾರ್ಡು ಕೊಟ್ಟು ಹೋದರು. ಪೂರಾ ಇಂಗ್ಲಿಷು. ಕ್ಯಾರೀಸ್ ಅನ್ನೋ ಕಡೆ ಟಿಕ್ ಇಲ್ಲ, ಫ್ಲೋರೋಸಿಸ್ ಅನ್ನೋ ಕಡೆ ಟಿಕ್. ಅಕ್ಕ ಫೋನ್ ಮಾಡಿ ಅಕ್ಷರ ಅಕ್ಷರ ಕೂಡಿಸಿ ಓದಿದಳು. ನಾನು ಮೀಟಿಂಗಿನ ಅವಸರದಲ್ಲಿ 'ಫ್ಲೋರೋಸಿಸ್ ಅಂತೆ ಅಕ್ಕ, ಗಾಬರಿ ಆಗ್ಬೇಡ' ಅಂದು ಇಟ್ಟುಬಿಟ್ಟೆ. ಹೇಳಿದ್ದೀನಿ ಅಂತಲೇ ಅಂದುಕೊಂಡಿದ್ದೆ.

ದೀಪಾವಳಿಗೆ ಊರಿಗೆ ಹೋದಾಗ ನೋಡ್ತೀನಿ, ಹುಡುಗಿ ನಗುವಾಗ ಬಾಯಿಗೆ ಕೈ ಅಡ್ಡ ಇಡ್ತಾಳೆ. ಮುಂದಿನ ಹಲ್ಲುಗಳ ಮೇಲೆ ಸುಣ್ಣದಂಥ ಗೀರು, ನಡುನಡುವೆ ಕಂದು ಕಲೆ. ಅಕ್ಕ ದಿನಾ ಬೆಳಗ್ಗೆ ಇದ್ದಿಲು, ಉಪ್ಪು ಹಾಕಿ ಅವಳ ಹಲ್ಲು ತಿಕ್ಕಿಸ್ತಿದ್ದಳು, ವಸಡಲ್ಲಿ ರಕ್ತ ಬರೋವರೆಗೆ. 'ಸೋಮಾರಿ ಮುಂಡೇದು, ನೆಟ್ಟಗೆ ಉಜ್ಕೊಳಲ್ಲ ಕಣೋ' ಅಂತ ಬೈಗುಳ ಬೇರೆ. ಕುಡಿಯೋ ನೀರನ್ನ ಕಾಯಿಸಿ ಕೊಡ್ತಿದ್ದೀನಿ ಅಂತ ಹೆಮ್ಮೆಯಿಂದಲೂ ಹೇಳಿದಳು.

ತಲೆ ಗಿರ್ ಅಂತು. ಫ್ಲೋರೈಡು ಕಾಯಿಸಿದರೆ ಹೋಗಲ್ಲ. ನೀರು ಆವಿಯಾಗಿ, ಉಳಿದ ನೀರಲ್ಲಿ ಅದು ಇನ್ನೂ ಗಟ್ಟಿಯಾಗುತ್ತೆ. ಕಲೆ ಹಲ್ಲಿನ ಮೇಲೆ ಅಂಟಿದ ಕೊಳೆಯಲ್ಲ, ದವಡೆಯೊಳಗೆ ಹಲ್ಲು ಕಟ್ಟೋವಾಗಲೇ ಆದ ಪೆಟ್ಟು. ಮೊದಲ ಏಳೆಂಟು ವರ್ಷದಲ್ಲಿ ಕುಡಿದ ನೀರಿನದು. ಇದ್ದಿಲಲ್ಲಿ ಎಷ್ಟು ತಿಕ್ಕಿದರೂ ಹೋಗಲ್ಲ. ಆ ಮಗುವಿನ ತಪ್ಪು ಒಂದು ಚೂರೂ ಇರಲಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಲ್ಲಿ ವರ್ಷಪೂರ್ತಿ ಹರಿಯೋ ಹೊಳೆ ಇಲ್ಲ. ಕೆರೆ ಒಣಗಿತು, ಬೋರು ಸಾವಿರ ಅಡಿ ದಾಟಿತು, ಕಲ್ಲಿನೊಳಗಿನ ಫ್ಲೋರೈಡು ಬಿಂದಿಗೆಗೆ ಬಂತು. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯೇ ಇಲ್ಲದಿದ್ದರೆ ಒಂದೂವರೆ, ಅಂತ ನಿಯಮ.

ಹುಳುಕು ಹಲ್ಲು ಹಳೇ ಕಾಯಿಲೆ, ಅಜ್ಜಿಯರ ಕಾಲದ ಪದ ಇದೆ. ಇದು ನಮ್ಮೂರಿಗೆ ಬೋರಿನ ಜತೆ ಬಂದಿದ್ದು. ಪದ ಬರಲಿಲ್ಲ, ಬರೀ ಟಿಕ್ ಬಂತು.

'ಜಪಾನಿನವರೂ ಚೀನೀ ಪದ ಎರವಲು ತಂದವರೇ, ನಾವು ಸಂಸ್ಕೃತ ತಂದರೆ ತಪ್ಪೇನು' ಅಂತ ಕೇಳ್ತೀರಿ, ಗೊತ್ತು. ನಿಜ. ಸುಗಿತಾ ಗೆಂಪಾಕು ಮತ್ತು ಗೆಳೆಯರು ಡಚ್ಚರ ಅಂಗರಚನೆಯ ಪುಸ್ತಕವನ್ನ ಒದ್ದಾಡಿ ಅನುವಾದಿಸಿ 1774ರಲ್ಲಿ ಅಚ್ಚು ಹಾಕಿಸಿದಾಗ ಚೀನೀ ಅಕ್ಷರಗಳಲ್ಲೇ ಹೊಸ ಪದ ಕಟ್ಟಿದರು. ಅದರಲ್ಲೊಂದು ನಾನ್‌ಕೊತ್ಸು, ಮೆದು ಮೂಳೆ. ನಮ್ಮ ಪಠ್ಯದಲ್ಲಿ ಅದು 'ಮೃದ್ವಸ್ಥಿ'. ಇಂಜಿನಿಯರಿಂಗ್ ಓದಿದ ನನಗೇ ಅದನ್ನ ಒಂದೇ ಉಸಿರಲ್ಲಿ ಓದಕ್ಕಾಗಲ್ಲ. ಎರವಲು ತಂದಿದ್ದಕ್ಕೆ ನನ್ನ ತಕರಾರಿಲ್ಲ. ಯಾರಿಗಾಗಿ ಕಟ್ಟಿದ್ದು ಅನ್ನೋದು ನನ್ನ ಪ್ರಶ್ನೆ. ಫ್ಲೋರೋಸಿಸ್ ಹಲ್ಲಿಗೆ ಜಪಾನಿನಲ್ಲಿ 'ಹಾನ್‌ಜೋಶಿ' ಅಂತಾರೆ. ಮೂರು ಅಕ್ಷರ, ಕಲೆ-ರೂಪ-ಹಲ್ಲು, ಕೊನೆಯದು ಮುಶಿಬಾದಲ್ಲಿರೋ ಅದೇ ಹಲ್ಲಿನ ಅಕ್ಷರ. ತಕರಾಜುಕಾ ಅನ್ನೋ ಊರಲ್ಲಿ ನಲ್ಲಿ ನೀರಿನಿಂದ ಮಕ್ಕಳ ಹಲ್ಲು ಹೀಗಾದಾಗ, 1970ರ ದಶಕದಲ್ಲಿ ಜನ ಆ ಪದ ಹಿಡಿದೇ ನಗರಸಭೆಯನ್ನ ಕೇಳಿದರು. ಮಂಡಿಕಲ್ಲಿನವರು ಏನಂತ ಅರ್ಜಿ ಬರೀಬೇಕು? 'ಮಗು ಸೋಮಾರಿ' ಅಂತಲಾ?

ನಾವು ಬರೆಯೋರು ಏನು ಮಾಡ್ತಿದ್ವಿ ಆಗ? ಅಂತರ್ಜಾಲವೋ ಮಿಂಬಲೆಯೋ ಅಂತ ನೂರಾರು ಕಮೆಂಟಿನ ಜಗಳ. ನಾನೂ ಇದ್ದೆ ಅದರಲ್ಲಿ, ಉದ್ದುದ್ದ ಬರೆದಿದ್ದೆ.

ಆ ರಾತ್ರಿ ಅಕ್ಕನಿಗೆ ಕೂತು ಹೇಳಿದೆ. ಇದು ಹುಳುಕಲ್ಲ, ಕೊಳೆಯೂ ಅಲ್ಲ, ನೀರಿಂದ ಆಗಿದ್ದು. ಕುಡಿಯೋಕ್ಕಷ್ಟೇ ಅಲ್ಲ, ಅನ್ನಕ್ಕೂ ಸಾರಿಗೂ ಫಿಲ್ಟರ್ ನೀರೇ ಹಾಕು, ಚಿಕ್ಕವನ ಹಲ್ಲು ಇನ್ನೂ ಒಳಗಿದೆ. ಇದಕ್ಕೆ ಕನ್ನಡದಲ್ಲಿ ಏನನ್ನಬಹುದು ಅಂತ ನಾನು ಮಚ್ಚೆಹಲ್ಲು, ನೀರ್ಗಲೆ ಅಂತೆಲ್ಲ ಕಾಗದದ ಮೇಲೆ ಗೀಚ್ತಾ ಕೂತಿದ್ದೆ. ಬೆಳಗ್ಗೆ ಎದ್ದರೆ ಅಕ್ಕ ಕಾಂಪೌಂಡಿನ ಆಚೆ ಪಕ್ಕದ ಮನೆಯವರಿಗೆ ಹೇಳ್ತಿದ್ದಳು: 'ನಿಮ್ಮ ಹುಡುಗಂದೂ ಬೋರಲ್ಲು ಕಣಮ್ಮ, ಬೈಬೇಡ ಅವನ್ನ.'

ಬೋರಲ್ಲು. ಪಾವಗಡ, ಮುಂಡರಗಿ ಕಡೆಯವರು ಇಲ್ಲಿ ಬರ್ತಾ ಇರ್ತೀರಲ್ಲ, ನಿಮ್ಮೂರಲ್ಲಿ ಇದಕ್ಕೆ ಏನಂತಾರೆ? ಕೆಳಗೆ ಬರೀರಿ.