ಚರ್ಚು ಬಿಟ್ಟುಕೊಟ್ಟವರ ಋಣ

ತಿರುವನಂತಪುರದಿಂದ ಉತ್ತರಕ್ಕೆ, ಕಡಲಂಚಿನ ತುಂಬಾದಲ್ಲಿ ಸಂತ ಮೇರಿ ಮ್ಯಾಗ್ಡಲೀನಳ ಚರ್ಚಿದೆ. ಈಗ ಅದು ಬಾಹ್ಯಾಕಾಶ ವಸ್ತುಸಂಗ್ರಹಾಲಯ. ಅರವತ್ತರ ದಶಕದ ಆರಂಭದವರೆಗೆ ಅದು ಮೀನುಗಾರರು ಪ್ರಾರ್ಥಿಸುವ ಜಾಗವಾಗಿತ್ತು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಆ ಮರಳ ದಂಡೆಯ ಹತ್ತಿರದಲ್ಲೇ ಹಾದುಹೋಗುತ್ತಿದ್ದುದರಿಂದ ವಿಕ್ರಮ್ ಸಾರಾಭಾಯಿ ಅವರಿಗೆ ಅದೇ ಜಾಗ ಬೇಕಿತ್ತು. ಆ ರೇಖೆಯ ಮೇಲೆ, ಸುಮಾರು 100 ಕಿ.ಮೀ. ಎತ್ತರದಲ್ಲಿ, ಹಗಲಿಡೀ ಒಂದು ವಿದ್ಯುತ್ ಪ್ರವಾಹ ಹರಿಯುತ್ತದೆ. ಬಲೂನುಗಳು ಅಷ್ಟು ಮೇಲೆ ಏರಲಾರವು, ಉಪಗ್ರಹಗಳು ಅಷ್ಟು ಕೆಳಗೆ ನಿಲ್ಲಲಾರವು. ಅಲ್ಲಿಗೆ ಹೋಗಿ ಅಳೆದು ಬರಬೇಕೆಂದರೆ ರಾಕೆಟ್ಟೇ ಬೇಕು.

ಸಾರಾಭಾಯಿ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರ ಬಳಿಗೆ ಹೋದರು. ಬಿಷಪ್ ತಾವೇ ತೀರ್ಮಾನ ಹೇಳಿಬಿಡಲಿಲ್ಲ. ಭಾನುವಾರದ ಪ್ರಾರ್ಥನೆಗೆ ಸೇರಿದ ಜನರ ಮುಂದೆ ವಿಷಯವಿಟ್ಟು, ಕೊಡೋಣವೇ ಎಂದು ಕೇಳಿದರು. ಜನ ಒಪ್ಪಿದರು. ಈ ಸಂಗತಿಯನ್ನು ಅಬ್ದುಲ್ ಕಲಾಂ ಮತ್ತೆ ಮತ್ತೆ ನೆನೆಯುತ್ತಿದ್ದರು. ಪ್ರಾರ್ಥನೆಯ ಕೋಣೆ ಪ್ರಯೋಗಾಲಯವಾಯಿತು, ಬಿಷಪ್ಪರ ಕೋಣೆ ನಕ್ಷೆ ಬರೆಯುವ ಕಚೇರಿಯಾಯಿತು. ಊರವರು ಮನೆಮಠ ಬಿಟ್ಟು ಬೇರೆಡೆ ನೆಲೆಸಿದರು. 1963ರ ನವೆಂಬರ್ 21ರ ಸಂಜೆ ಅಲ್ಲಿಂದ ಮೊದಲ ರಾಕೆಟ್ ಹಾರಿತು. ಅದು ಚೆಲ್ಲಿದ ಸೋಡಿಯಂ ಆವಿ ಮುಳುಗುಬಿಸಿಲಲ್ಲಿ ಕಿತ್ತಳೆ ಬಣ್ಣದ ಮೋಡವಾಗಿ ದೂರದೂರದ ಊರುಗಳಿಗೂ ಕಂಡಿತು.

ಇಂದಿನ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ ಬೆಳೆದದ್ದು ಆ ನೆಲದಿಂದಲೇ. ಚಂದ್ರಯಾನ-3ರಲ್ಲಿ ಚಂದ್ರನ ಮಣ್ಣಿಗೆ ಇಳಿದ ತಾಪಮಾಪಕವನ್ನು ಅಹಮದಾಬಾದಿನ ವಿಜ್ಞಾನಿಗಳ ಜೊತೆಗೂಡಿ ರೂಪಿಸಿದ್ದು ಈ ಕೇಂದ್ರದ ಭೌತವಿಜ್ಞಾನ ಪ್ರಯೋಗಾಲಯ. ಆದಿತ್ಯ-ಎಲ್1ರಲ್ಲಿ ಕುಳಿತು ಸೌರಮಾರುತ ಅಳೆಯುತ್ತಿರುವ 'ಪಾಪಾ' ಉಪಕರಣವೂ ಅದರದೇ. ಇಷ್ಟೆಲ್ಲದರ ಹಿಂದೆ ಒಂದು ಋಣವಿದೆ. ಅದನ್ನು ನಾವು ತೀರಿಸಿಲ್ಲ.

2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂತು. ಅದೇ ಕರಾವಳಿಯ ಪೂಂತುರಾ, ವಿಳಿಂಜಂ ಕಡೆಯ ದೋಣಿಗಳು ಆಗಲೇ ಆಳ ಸಮುದ್ರದಲ್ಲಿದ್ದವು. ಚಂಡಮಾರುತದ ಎಚ್ಚರಿಕೆ ಹೊರಬೀಳುವ ಹೊತ್ತಿಗೆ ಕಾಲ ಮಿಂಚಿತ್ತು. ದಡದಿಂದ ಅಷ್ಟು ದೂರ ಹೋದವರಿಗೆ ಮೊಬೈಲ್ ಸಂಪರ್ಕ ಸಿಗುವುದಿಲ್ಲ. ಕೇರಳ ಮತ್ತು ಕನ್ಯಾಕುಮಾರಿಯ ನೂರಾರು ಮೀನುಗಾರರು ಮರಳಿ ಬರಲಿಲ್ಲ. ಆಕಾಶದ ವಿಜ್ಞಾನಕ್ಕೆ ನೆಲ ಕೊಟ್ಟ ಸಮುದಾಯಕ್ಕೆ ಆಕಾಶದ ಸುದ್ದಿ ತಲುಪಲಿಲ್ಲ. ನಮ್ಮದೇ ಉಪಗ್ರಹಗಳ ಮೂಲಕ ದೋಣಿಗೆ ಸಂದೇಶ ಕಳಿಸುವ ನಾವಿಕ್ ಸಾಧನಗಳನ್ನು ಹಂಚಲು ಮುಂದಾದದ್ದು ಆ ಸಾವುಗಳ ನಂತರ. ಮನಸ್ಸು ಮಾಡಿದರೆ ಋಣ ತೀರಿಸಬಹುದು ಎಂಬುದಕ್ಕೆ ಅದೇ ಪುರಾವೆ. ಅದಕ್ಕೆ ಹೆಣ ಬೀಳುವ ತನಕ ಕಾಯಬೇಕಿತ್ತೇ?

ಗಾಳಿ ಮಳೆಯ ಸುಳಿವು ಹಿಡಿಯುವ ವಿಜ್ಞಾನವನ್ನು ನೋಡಲು ಕೊಚ್ಚಿಗೆ ಬನ್ನಿ. ಅಲ್ಲಿನ ಕುಸಾಟ್ ಒಂದು ರಾಜ್ಯ ವಿಶ್ವವಿದ್ಯಾಲಯ. ಅದರ ಆವರಣದಲ್ಲಿ 205 ಮೆಗಾಹರ್ಟ್ಸ್‌ನ ರೇಡಾರ್ ಇದೆ. ಸಾಲುಸಾಲಾಗಿ ನಿಂತ 619 ಆಂಟೆನಾಗಳು ತಲೆಯ ಮೇಲಿನ ಗಾಳಿ ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಬೀಸುತ್ತಿದೆ ಎಂದು ಮೋಡವಿದ್ದರೂ ಮಳೆಯಿದ್ದರೂ ಅಳೆಯುತ್ತವೆ. ಮುಂಗಾರು ಭಾರತಕ್ಕೆ ಕಾಲಿಡುವ ಹೊಸ್ತಿಲಲ್ಲೇ ಕುಳಿತು, ಕರ್ನಾಟಕಕ್ಕೂ ಬರಲಿರುವ ಮಳೆಯ ನಾಡಿ ಹಿಡಿಯುವ ಕೆಲಸವದು. ರಾಜ್ಯ ವಿಶ್ವವಿದ್ಯಾಲಯಕ್ಕೆ ದುಡ್ಡು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಆದರೆ ದುಡ್ಡೆಲ್ಲಿ? ದೇಶದ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ಸಿಗುವುದು ಶೇ. 0.64ರಷ್ಟು. 2023ರ ಕಾನೂನಿನಿಂದ ಹುಟ್ಟಿದ ಅನುಸಂಧಾನ ಪ್ರತಿಷ್ಠಾನಕ್ಕೆ ಐದು ವರ್ಷದಲ್ಲಿ 50,000 ಕೋಟಿ ಎಂದರು. ಅದರಲ್ಲಿ 36,000 ಕೋಟಿ ಸರ್ಕಾರದ ಹೊರಗಿನಿಂದ ಬರಬೇಕೆಂಬ ಲೆಕ್ಕ. ಯಾವ ಉದ್ಯಮಿ ಕಾಂತೀಯ ರೇಖೆಯ ಮೇಲಿನ ಪ್ರವಾಹವನ್ನು ಅಳೆಯಲು ಹಣ ಹಾಕುತ್ತಾನೆ? ಪಿಎಚ್.ಡಿ. ವಿದ್ಯಾರ್ಥಿಯ ಫೆಲೋಶಿಪ್ 37,000 ರೂಪಾಯಿಗೆ ಏರಿತು, ಸಂತೋಷ. ಆದರೆ ಅದು ತಿಂಗಳುಗಟ್ಟಲೆ ಕೈಗೆ ಬಾರದೆ, ಸಾಲ ಮಾಡಿ ಬಾಡಿಗೆ ಕಟ್ಟುವ ಹುಡುಗ ಹುಡುಗಿಯರು ದೇಶದ ಎಷ್ಟೋ ಕ್ಯಾಂಪಸ್ಸುಗಳಲ್ಲಿದ್ದಾರೆ. ರಾಕೆಟ್ ಏರಿದ ದಿನ ಚಪ್ಪಾಳೆ ತಟ್ಟುವ ನಾವು ಈ ಮಕ್ಕಳ ಪರವಾಗಿ ಒಂದು ಮಾತೂ ಆಡುವುದಿಲ್ಲ. ಇದು ಅನ್ಯಾಯ.

ವಿಜ್ಞಾನಿಗಳಿಗೂ ಒಂದು ಮಾತು ಹೇಳಬೇಕಿದೆ. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳನ್ನು ಜಗತ್ತಿನಲ್ಲೇ ಮೊದಲಿಗೆ ಗುರುತಿಸಿದ ಹಿರಿಮೆಯಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗೂ ಪಾಲಿದೆ. ಗಣಿ ಮುಚ್ಚಿತು. ಆ ಪರಂಪರೆಯನ್ನು ಮುಂದುವರಿಸಬೇಕಿದ್ದ ಪ್ರಯೋಗಾಲಯಕ್ಕೆ ಕೇರಳದ ಗಡಿಗೆ ಅಂಟಿದ ತೇನಿಯ ಬೆಟ್ಟವನ್ನು ಆರಿಸಿ, 2015ರಲ್ಲಿ ಸುಮಾರು 1,500 ಕೋಟಿಗೆ ಒಪ್ಪಿಗೆ ಕೊಟ್ಟರು. ನ್ಯೂಟ್ರಿನೊ ಯಾರಿಗೂ ಕೇಡು ಮಾಡುವುದಿಲ್ಲ, ನಿಜ. ಆದರೆ ಬೆಟ್ಟ ಕೊರೆಯುವ ಸ್ಫೋಟದ ಬಗ್ಗೆ, ಹುಲಿಗಳ ದಾರಿಯ ಬಗ್ಗೆ, ಇಡುಕ್ಕಿಯ ಅಣೆಕಟ್ಟುಗಳ ಬಗ್ಗೆ ಜನ ಕೇಳಿದ ಪ್ರಶ್ನೆಗಳು ಮೂಢನಂಬಿಕೆಯಲ್ಲ. ಅವರ ನಂಬಿಕೆ ಗಳಿಸುವ ಕೆಲಸವನ್ನು ಎಲ್ಲ ಕಾಗದಪತ್ರ ಮುಗಿದ ಮೇಲೆ ಮಾಡಲಾಗದು. ಯೋಜನೆ ನ್ಯಾಯಾಲಯಗಳ ಮೆಟ್ಟಿಲಲ್ಲೇ ಉಳಿಯಿತು. 2025ರ ಆಗಸ್ಟಿನಲ್ಲಿ ಚೀನಾದ ಜೂನೊ ನ್ಯೂಟ್ರಿನೊ ಪ್ರಯೋಗ ಕೆಲಸ ಶುರುಮಾಡಿತು.

ನಮ್ಮ ಚಳ್ಳಕೆರೆಯ ಕಾವಲುಗಳ ಕತೆ ಇನ್ನೂ ಕಹಿ. ಕುರಿಗಾಹಿಗಳು, ಕಂಬಳಿ ನೇಯುವವರು ನೆಚ್ಚಿಕೊಂಡಿದ್ದ ಅಮೃತಮಹಲ್ ಹುಲ್ಲುಗಾವಲಿನ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ತಮ್ಮನ್ನು ಯಾರೂ ಕೇಳಲಿಲ್ಲ, ಗೋಡೆ ಎದ್ದಾಗಲೇ ಗೊತ್ತಾದದ್ದು ಎಂದು ಊರವರು ದೂರಿದರು. ತುಂಬಾದಲ್ಲಿ 1960ರ ದಶಕದಲ್ಲಿ ಸಾಧ್ಯವಾದದ್ದು ಚಳ್ಳಕೆರೆಯಲ್ಲಿ ಈ ಶತಮಾನದಲ್ಲಿ ಯಾಕೆ ಸಾಧ್ಯವಾಗಲಿಲ್ಲ?

ಆದ್ದರಿಂದ ಭೌತವಿಜ್ಞಾನಿಗಳೇ, ಊರಿಗೆ ಬನ್ನಿ. ಏನು ಹುಡುಕುತ್ತಿದ್ದೀರಿ ಎಂದು ಜನರ ಭಾಷೆಯಲ್ಲಿ ಹೇಳಿ, ಬೇಡ ಎಂದರೆ ಕೇಳಿಸಿಕೊಳ್ಳಿ. ಓದುಗರೇ, ನಿಮ್ಮ ತಾಲ್ಲೂಕಿಗೆ ಪ್ರಯೋಗಾಲಯ ಬಂದರೆ ಬೇಡ ಅನ್ನಬೇಡಿ, ಆದರೆ ಕಲ್ಲು ನೆಡುವ ಮೊದಲು ಗ್ರಾಮಸಭೆ ಕರೆಯಲೇಬೇಕೆಂದು ಹಠ ಹಿಡಿಯಿರಿ. ಮತ ಕೇಳಲು ಬರುವವರನ್ನು ನಿಲ್ಲಿಸಿ, ನಮ್ಮ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗಕ್ಕೆ ಎಷ್ಟು ಹಣ ತಂದಿರಿ, ಅಲ್ಲಿನ ಮಕ್ಕಳ ಫೆಲೋಶಿಪ್ ಯಾವ ತಿಂಗಳವರೆಗೆ ಬಂದಿದೆ ಎಂದು ಕೇಳಿ. ಉತ್ತರ ಸಿಗುವವರೆಗೂ ಬಿಡಬೇಡಿ.