ಪವರ್ ಇಳಿಸಿ, ದನಿ ಚೆನ್ನಾಗಿ ಕೇಳುತ್ತೆ

ಜಾತ್ರೆಯಲ್ಲಿ ಮೈಕ್ ಸೆಟ್‌ನವರು ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಸದ್ದು ಊರಿಗೆಲ್ಲ ಕೇಳುತ್ತದೆ, ಮಾತು ಮಾತ್ರ ಒಂದೂ ತಿಳಿಯುವುದಿಲ್ಲ. ಹ್ಯಾಮ್ ರೇಡಿಯೋದಲ್ಲಿ ಎಎಂ ದನಿಗೂ ಎಷ್ಟೋ ಸಲ ಇದೇ ಗತಿ. 'ಎಎಂ ಹಳೇ ಕಾಲದ್ದು, ಚೆನ್ನಾಗಿ ಕೇಳಲ್ಲ' ಎಂದು ಹ್ಯಾಮ್‌ಗಳೇ ಹೇಳುತ್ತಾರೆ. ತಪ್ಪು ಎಎಂನದಲ್ಲ, ಗುಂಡಿ ತಿರುಗಿಸುವ ಕೈಯದು ಅಂತ ನಾನು ಹೇಳುತ್ತೇನೆ.

ಹ್ಯಾಮ್ ಅಂದರೆ ಸರ್ಕಾರದ ಪರೀಕ್ಷೆ ಪಾಸಾಗಿ, ಲೈಸೆನ್ಸ್ ಪಡೆದು, ಮನೆಯಿಂದಲೇ ವೈರ್‌ಲೆಸ್‌ನಲ್ಲಿ ಮಾತಾಡುವ ಹವ್ಯಾಸಿ. ಎಎಂ ಅಂದರೆ ಮೀಡಿಯಂ ವೇವ್ ರೇಡಿಯೋ ಕೇಂದ್ರಗಳ ಅದೇ ಹಳೆಯ ವಿಧಾನ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ಶುರು ಮಾಡಿದ್ದು 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್‌ನಿಂದ. ಇವತ್ತು ಹ್ಯಾಮ್‌ಗಳ ಮೇಜಿನ ಮೇಲಿರುವ ಸೆಟ್ ಸಾಮಾನ್ಯವಾಗಿ 100 ವ್ಯಾಟ್‌ನದು. ಆದರೂ ದನಿ ಒಡೆಯುವುದೇಕೆ?

ನಮ್ಮ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಹ್ಯಾಮ್. ಒಂದು ದಿನ ಅವರು ಸೆಟ್ಟಿನ ಮುಂದೆ ಕೂತರು, ನಾನು ಶಾರ್ಟ್ ವೇವ್ ಇರುವ ಮಾಮೂಲಿ ರೇಡಿಯೋ ಹಿಡಿದು ಊರಾಚೆಯ ತೋಟಕ್ಕೆ ಹೋದೆ. ಮೊದಲು 100 ವ್ಯಾಟ್ ಇಟ್ಟು ಮಾತಾಡಿದರು. ದನಿ ಅದುಮಿ ಹಿಡಿದಂತೆ ಕೇಳಿಸಿತು. ಆಮೇಲೆ 25ಕ್ಕೆ ಇಳಿಸಿ ಮಾತಾಡಿ, ಫೋನ್ ಮಾಡಿದರು: "ಈಗ ಹೆಂಗಿದೆಯಪ್ಪಾ?" "ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ ಮೇಷ್ಟ್ರೇ" ಅಂದೆ.

ಕಾರಣ ಸರಳ. ಎಎಂನಲ್ಲಿ ಕ್ಯಾರಿಯರ್ ಅನ್ನುವ ಅಲೆ ನಾವು ಸುಮ್ಮನಿದ್ದರೂ ಹೊರಡುತ್ತಲೇ ಇರುತ್ತದೆ. ನಮ್ಮ ಮಾತು ಅದನ್ನು ಏರಿಸಿ ಇಳಿಸುತ್ತದೆ. ಮಾತು ತುಂಬಿ ಬಂದಾಗ ಅಲೆಯ ಎತ್ತರ ಎರಡು ಪಟ್ಟು, ಪವರ್ ನಾಲ್ಕು ಪಟ್ಟು ಆಗಬೇಕು. ಅಂದರೆ 100 ವ್ಯಾಟ್ ಸೆಟ್‌ನಲ್ಲಿ ಕ್ಯಾರಿಯರ್ 25 ವ್ಯಾಟ್ ಇದ್ದರೆ ಮಾತ್ರ ಮಾತಿಗೆ ಜಾಗ. ಕ್ಯಾರಿಯರ್ರೇ 100 ಇದ್ದರೆ, ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ನೀರು ಸುರಿದಂತೆ.

ಮೈಕ್ ಗೇನ್ ಕೂಡ ಹಾಗೆಯೇ. ಹೆಚ್ಚಾದರೆ ಕ್ಯಾರಿಯರ್ ನಡುನಡುವೆ ಕಡಿದು, ಅಕ್ಕಪಕ್ಕದ ಸ್ಟೇಷನ್‌ಗಳ ಮೇಲೆಲ್ಲ ಕರಕರ ಸದ್ದು ಚೆಲ್ಲುತ್ತದೆ. ಸ್ಪೀಚ್ ಕಂಪ್ರೆಸರ್ ಆಫ್ ಮಾಡಿ. ಮೈಕಿನಿಂದ ಒಂದೇ ದೂರದಲ್ಲಿ ಕೂತು ಸಹಜವಾಗಿ ಮಾತಾಡಿ. ದೀರ್ಘ ಭಾಷಣ ಬೇಡ, ಎಎಂನಲ್ಲಿ ಸೆಟ್ ಬೇಗ ಬಿಸಿಯಾಗುತ್ತದೆ. ದನಿ ಹೇಗಿದೆ ಅಂತ ಮೀಟರ್ ನೋಡಿ ತೀರ್ಮಾನಿಸಬೇಡಿ, ಇನ್ನೊಬ್ಬರ ಕಿವಿಯನ್ನು ಕೇಳಿ.

ಎಎಂ ಖರ್ಚಿನ ಬಾಬತ್ತು ಅನ್ನುವುದು ನಿಜ. ಮಾತು ತುಂಬಿದಾಗಲೂ ಪವರ್‌ನ ಮೂರರಲ್ಲಿ ಎರಡು ಪಾಲು ಕ್ಯಾರಿಯರ್‌ಗೇ ಹೋಗುತ್ತದೆ, ಅದರಲ್ಲಿ ಮಾತಿಲ್ಲ. ಜಾಗವೂ ಎಸ್‌ಎಸ್‌ಬಿಗಿಂತ ಎರಡು ಪಟ್ಟು ಬೇಕು. ನೆರೆ, ಚಂಡಮಾರುತದ ಹೊತ್ತಿನಲ್ಲಿ ಎಎಂ ಹಿಡಿದು ಕೂರಿ ಅಂತ ನಾನೂ ಹೇಳುವುದಿಲ್ಲ. ಬ್ಯಾಂಡ್ ತುಂಬಿದ್ದಾಗಲೂ ಬೇಡ.

ಆದರೆ ಎಸ್‌ಎಸ್‌ಬಿ ಮಾತು ಮಾಮೂಲಿ ರೇಡಿಯೋದಲ್ಲಿ ಬಾತುಕೋಳಿ ಕೂಗಿದಂತೆ ಕೇಳುತ್ತದೆ. ಎಎಂ ಮಾತು ಅಜ್ಜನ ಕಾಲದ ಶಾರ್ಟ್ ವೇವ್ ರೇಡಿಯೋದಲ್ಲೂ ಅರ್ಥವಾಗುತ್ತದೆ. ಹಳ್ಳಿಯ ಹುಡುಗ ಹುಡುಗಿಯರಿಗೆ ಈ ಹವ್ಯಾಸದ ಬಾಗಿಲು ಅದೇ. ಯಾರೋ ದೂರದವರು ತಮ್ಮ ಮನೆಯಿಂದ ಮಾತಾಡುತ್ತಿದ್ದಾರೆ ಅಂತ ಒಮ್ಮೆ ಕಿವಿಗೆ ಬಿದ್ದರೆ, ನಾನೂ ಮಾತಾಡಬೇಕು ಅನ್ನಿಸುತ್ತದೆ. ಒಡಕು ದನಿ ಬಿದ್ದರೆ ರೇಡಿಯೋ ಆಫ್ ಮಾಡುತ್ತಾರೆ, ಅಷ್ಟೇ. ಮುಂದೆ ನೆರೆ ಬಂದಾಗ ಮೊಬೈಲ್ ಟವರ್ ಸತ್ತರೆ, ಸೆಟ್ ಹಿಡಿದು ಕೂರುವವರು ಊರಲ್ಲಿ ಇರಬೇಕಲ್ಲ?

ಈ ವಿಷಯದಲ್ಲಿ ಪೇಟೆಗಿಂತ ನಾವೇ ವಾಸಿ. 7 ಮೆಗಾಹರ್ಟ್ಸ್‌ಗೆ ಆಂಟೆನಾ ಅಂದರೆ ಸುಮಾರು 20 ಮೀಟರ್ ತಂತಿ, ಎರಡು ತೆಂಗಿನ ಮರದ ನಡುವೆ ಕಟ್ಟಿದರಾಯಿತು. ಪೇಟೆಯಷ್ಟು ಎಲ್‌ಇಡಿ ಬಲ್ಬು, ಚಾರ್ಜರ್‌ಗಳ ಗೊರಗೊರವೂ ಇಲ್ಲಿಲ್ಲ. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಲೈಸೆನ್ಸ್ ಇಲ್ಲದೆ ಮಾತಾಡುವುದು ಅಪರಾಧ, ಅದು ನೆನಪಿರಲಿ.

ಲೈಸೆನ್ಸ್ ಇರುವ ಹ್ಯಾಮ್‌ಗಳಿಗೆ ನನ್ನದೊಂದೇ ವಿನಂತಿ. ವಾರಕ್ಕೊಂದು ಸಂಜೆ, ಬ್ಯಾಂಡ್ ಖಾಲಿ ಇದ್ದಾಗ, ಪವರ್ ಇಳಿಸಿ ಎಎಂನಲ್ಲಿ ಕನ್ನಡ ಮಾತಾಡಿ. ಯಾವುದೋ ಹಳ್ಳಿಯ ಜಗಲಿಯಲ್ಲಿ ಒಬ್ಬ ಹುಡುಗಿ ಕೇಳಿಸಿಕೊಳ್ಳುತ್ತಿರಬಹುದು.