ಮುದ್ರಾರಾಕ್ಷಸನ ಕೂಸು

ಮುದ್ರಾರಾಕ್ಷಸನ ಹಾವಳಿಗೆ ಸಿಕ್ಕದ ಲೇಖಕನು ಈ ಲೋಕದಲ್ಲಿ ಹುಟ್ಟಿಲ್ಲ. ವಿದುಷಿಯೊಬ್ಬರ ಕಂಠಶ್ರೀ ಅಚ್ಚಿನ ಮನೆಯಿಂದ ಹೊರಬೀಳುವ ವೇಳೆಗೆ ಕುಂಟಶ್ರೀಯಾಗಿರುವುದುಂಟು. ಮುಂದಿನ ಸಂಚಿಕೆಯ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಅಚ್ಚಾಗುತ್ತದೆ. ವಿದುಷಿಯ ಮನೆಯವರು ನಾಲ್ಕು ದಿನ ಮುನಿದು ಸುಮ್ಮನಾಗುತ್ತಾರೆ. ಆದರೆ 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನುಸುಳಿದ ಒಂದಕ್ಷರದ ತಪ್ಪಿಗೆ ತಿದ್ದುಪಡಿಯ ಭಾಗ್ಯ ಬರಲಿಲ್ಲ. ಅದು ಬದುಕಿತು, ಬೆಳೆಯಿತು, ಒಂದು ಬಗೆಯ ಸಂಗೀತಕ್ಕೇ ಹೆಸರಾಯಿತು. ಇಂದು ಆ ಹೆಸರಿನಲ್ಲಿ ಸಮ್ಮೇಳನಗಳು ನಡೆಯುತ್ತವೆ, ಪ್ರಶಸ್ತಿಗಳನ್ನು ನೀಡುತ್ತಾರೆ, ಗಾಯಕರನ್ನು ಅತಿಥಿಗಳಾಗಿ ಕರೆಸಿ ಕಾದಂಬರಿಕಾರರ ಪಕ್ಕದಲ್ಲಿ ಕುಳ್ಳಿರಿಸುತ್ತಾರೆ.

ನಡೆದದ್ದು ಹೀಗೆ. ವೈಜ್ಞಾನಿಕ ಕಥೆಗಳ ಹುಚ್ಚು ಹತ್ತಿದ ಓದುಗರು ಆಗ ತಮ್ಮ ಬರಹಗಳನ್ನು ತಾವೇ ಟೈಪು ಮಾಡಿ, ಪ್ರತಿ ತೆಗೆದು, ಅಂಚೆಯ ಮೂಲಕ ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದರು. ಲೀ ಜೇಕಬ್ಸ್ ಎಂಬ ಅಂಥ ಓದುಗರೊಬ್ಬರು, ಈ ಕಥೆಗಳು ಅಮೆರಿಕದ ಜಾನಪದ ಸಂಗೀತದ ಮೇಲೆ ಬೀರಿದ ಪ್ರಭಾವವನ್ನು ಕುರಿತು ವಿನೋದದ ಪ್ರಬಂಧವೊಂದನ್ನು ಬರೆದರು. ಜಾನಪದವೆಂಬ ಅರ್ಥದ ‘ಫೋಕ್’ ಎಂಬ ಶಬ್ದ ಶೀರ್ಷಿಕೆಯಲ್ಲಿ ‘ಫಿಲ್ಕ್’ ಎಂದು ಬಿದ್ದಿತು. ಇಂಗ್ಲಿಷ್ ಟೈಪು ಯಂತ್ರದಲ್ಲಿ ‘ಐ’ ಮತ್ತು ‘ಓ’ ಅಕ್ಕಪಕ್ಕದ ಕೀಲಿಗಳು. ಬೆರಳು ಕೂದಲೆಳೆಯಷ್ಟು ಜಾರಿದರೆ ಸಾಕು. ‘ಫೋಕ್’ ಎನ್ನುವಾಗ ಬಾಯಿಬಿಡದ ‘ಎಲ್’ ಅಕ್ಷರಕ್ಕೂ ಇದರಿಂದ ದನಿ ಬಂದಂತಾಯಿತು. ಪ್ರಬಂಧದಲ್ಲಿ ಕೊಂಚ ಪೋಲಿತನವಿದ್ದುದರಿಂದ ಸಂಪಾದಕ ರೇ ಬ್ಯಾಲರ್ಡ್ ಅಂಚೆಯ ಕಾನೂನಿಗೆ ಹೆದರಿ ಅದನ್ನು ಹಂಚಲು ಒಪ್ಪಲಿಲ್ಲ. ಆದರೆ ಶೀರ್ಷಿಕೆಯ ತಪ್ಪನ್ನು ಮಾತ್ರ ಗೆಳೆಯರಿಗೆಲ್ಲ ಹೇಳಿ ನಕ್ಕರು. ಪ್ರಬಂಧ ಹೋಯಿತು, ತಪ್ಪು ಉಳಿಯಿತು. 1953ರಲ್ಲಿ ಕರೆನ್ ಆಂಡರ್ಸನ್ ಎಂಬಾಕೆ ತಮ್ಮ ಪುಟ್ಟ ಪತ್ರಿಕೆಯಲ್ಲಿ, ಹೆಸರಾಂತ ಕಥೆಗಾರ ಪೋಲ್ ಆಂಡರ್ಸನ್ ಹಳೆಯ ಲಾವಣಿಯೊಂದರ ಧಾಟಿಯಲ್ಲಿ ಬರೆದ ಅಣಕು ಹಾಡನ್ನು ಪ್ರಕಟಿಸಿ, ಅದನ್ನು ಬೇಕೆಂದೇ ‘ಫಿಲ್ಕ್’ ಹಾಡೆಂದು ಕರೆದರು. ಅಲ್ಲಿಗೆ ಕೂಸಿಗೆ ನಾಮಕರಣವಾಯಿತು.

ಕೂಸು ಮಾತ್ರ ಅದಕ್ಕೆ ಮೊದಲೇ ಹುಟ್ಟಿತ್ತು; ಅದರ ತವರು ವೈಜ್ಞಾನಿಕ ಕಥಾ ಸಮ್ಮೇಳನಗಳು. ಮೊದಲನೆಯ ವಿಶ್ವ ಸಮ್ಮೇಳನ ಸೇರಿದ್ದು 1939ರ ಜುಲೈ ತಿಂಗಳಿನಲ್ಲಿ, ನ್ಯೂಯಾರ್ಕಿನ ಕ್ಯಾರವಾನ್ ಹಾಲ್ ಎಂಬಲ್ಲಿ. ಜನ ಸುಮಾರು ಇನ್ನೂರು. ವಿಶ್ವ ಸಮ್ಮೇಳನವೆಂಬ ಹೆಸರಿಗೆ ಇದು ತೀರ ಸಣ್ಣ ಕೂಟವೇ ಸರಿ. ನಗರದಲ್ಲಿ ಅದೇ ಸಮಯಕ್ಕೆ ವಿಶ್ವ ವಸ್ತುಪ್ರದರ್ಶನ ನಡೆದಿದ್ದುದರಿಂದ ಆ ದೊಡ್ಡ ಹೆಸರು ಬಂದಿತು. ಅದರ ಗೌರವಾತಿಥಿ ಕಾದಂಬರಿಕಾರನಲ್ಲ. ಫ್ರ್ಯಾಂಕ್ ಪಾಲ್ ಎಂಬ ಚಿತ್ರಕಾರ. ಪತ್ರಿಕೆಗಳ ಮುಖಪುಟದಲ್ಲಿ ಆತ ಬರೆಯುತ್ತಿದ್ದ ರಾಕೆಟ್ಟು, ಅನ್ಯಗ್ರಹದ ನಗರಗಳನ್ನು ಕಂಡೇ ಎಷ್ಟೋ ಹುಡುಗರು ಈ ಕಥೆಗಳ ಗೀಳಿಗೆ ಬಿದ್ದಿದ್ದರು. ಕಥೆಗಾರನಲ್ಲದವನಿಗೂ ಮೊದಲ ಮಣೆ ಹಾಕಿದ ಆ ಸಭೆಯೇ ಬಾಗಿಲಿನಲ್ಲಿ ಆರು ಮಂದಿ ತರುಣರನ್ನು ತಡೆದು ಹಿಂದಕ್ಕೆ ಕಳುಹಿಸಿತು. ಕರಪತ್ರ ಹಂಚಿ ಗಲಾಟೆ ಮಾಡುವರೆಂಬ ಭಯ! ಹಾಗೆ ಹೊರಗುಳಿದವರಲ್ಲಿ ಹತ್ತೊಂಬತ್ತು ವರ್ಷದ ಫ್ರೆಡರಿಕ್ ಪೋಲ್ ಒಬ್ಬ.

ಮೂವತ್ತಮೂರು ವರ್ಷಗಳು ಕಳೆದವು. 1972ರಲ್ಲಿ ಲಾಸ್ ಏಂಜಲೀಸಿನಲ್ಲಿ ಸೇರಿದ ವಿಶ್ವ ಸಮ್ಮೇಳನಕ್ಕೆ ಅದೇ ಫ್ರೆಡರಿಕ್ ಪೋಲ್ ಗೌರವಾತಿಥಿ. ಅಭಿಮಾನಿಗಳ ಪರವಾದ ಅತಿಥಿಗಳಾಗಿ ಬಂದವರು ಬಕ್ ಕೋಲ್ಸನ್ ಮತ್ತು ಹ್ವಾನಿಟಾ ಕೋಲ್ಸನ್ ದಂಪತಿಗಳು. ಇಬ್ಬರೂ ಸೇರಿ ನಡೆಸಿದ ‘ಯಾಂಡ್ರೊ’ ಎಂಬ ಹವ್ಯಾಸಿ ಪತ್ರಿಕೆಗೆ 1965ರಲ್ಲಿ ಹ್ಯೂಗೋ ಪ್ರಶಸ್ತಿ ದೊರಕಿತ್ತು. ಹ್ವಾನಿಟಾ ಕಾದಂಬರಿ ಬರೆಯುತ್ತಿದ್ದರು, ಚಿತ್ರ ಬರೆಯುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ ಹಾಡುತ್ತಿದ್ದರು. ಆದರೆ ಗಾಯಕಿಯೆಂಬ ಕಾರಣಕ್ಕೆ ಗಾಯಕರನ್ನು ವೇದಿಕೆಗೆ ಕರೆಯುವ ಪದ್ಧತಿ ಇನ್ನೂ ಬೇರೂರಿರಲಿಲ್ಲ.

ಏಕೆಂದರೆ ಹಾಡಿಗೆ ವೇದಿಕೆಯೇ ಇರಲಿಲ್ಲ. ಹಗಲೆಲ್ಲ ಭಾಷಣ, ಚರ್ಚೆ, ಪುಸ್ತಕದ ಮಳಿಗೆ. ರಾತ್ರಿ ಊಟವಾದ ಮೇಲೆ ಗಿಟಾರು ಹಿಡಿದವರು ಹೋಟೆಲಿನ ಯಾವುದಾದರೂ ಖಾಲಿ ಕೋಣೆಯನ್ನೋ, ಅದೂ ಸಿಕ್ಕದಿದ್ದರೆ ಮೆಟ್ಟಿಲ ಸಾಲನ್ನೋ ಹುಡುಕಿಕೊಂಡು ಕೂರುತ್ತಿದ್ದರು. ಪಕ್ಕದ ಕೋಣೆಯವರು ದೂರಿತ್ತರೆ ಎದ್ದು ಮತ್ತೊಂದು ಕಡೆಗೆ ಬಿಡಾರ. ಹರಿಕಥೆ, ಗಮಕಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ ಕಥೆಯೂ ಹಾಡೂ ಒಂದೇ ಚಾಪೆಯ ಮೇಲೆ ಕೂರುವುದು ವಿಶೇಷವೆನಿಸದಿರಬಹುದು. ಅಲ್ಲಿ ಮಾತ್ರ ಅದು ಮಧ್ಯರಾತ್ರಿಯ ವ್ಯವಹಾರವಾಗಿತ್ತು.

ಆ ಬೈಠಕ್ಕಿನ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕುರ್ಚಿಗಳನ್ನು ಸಾಲಾಗಿ ಹಾಕುವುದಿಲ್ಲ, ಬಳಸಿ ಹಾಕುತ್ತಾರೆ. ಹಾಡು ಪಾಳಿಯ ಮೇಲೆ ಸುತ್ತುತ್ತದೆ. ಪಾಳಿ ಬಂದವರು ತಾವೇ ಹಾಡಬಹುದು, ಇಂಥವರು ಇಂಥ ಹಾಡನ್ನು ಹಾಡಲಿ ಎಂದು ಕೇಳಬಹುದು, ಇಲ್ಲವೆ ಮುಂದಿನವರಿಗೆ ಬಿಟ್ಟುಕೊಡಬಹುದು. ಪಲ್ಲವಿ ಬಂದಾಗ ಎಲ್ಲರೂ ದನಿಗೂಡಿಸಬೇಕು. ಶಾರೀರ ಚೆನ್ನಾಗಿರಲೇಬೇಕೆಂಬ ಕಟ್ಟಳೆ ಇಲ್ಲ. ಅದರ ಫಲವನ್ನು ಕೇಳುಗರು ಒಮ್ಮೊಮ್ಮೆ ಅನುಭವಿಸಬೇಕಾಗುತ್ತದೆ ಎಂಬುದೂ ನಿಜ. ಹಾಡಿನ ವಸು ರಾಕೆಟ್ಟಾಗಬಹುದು, ಕಂಪ್ಯೂಟರ್ ಆಗಬಹುದು, ಎಲ್ಲರೂ ಓದಿದ ಕಾದಂಬರಿಯ ನಾಯಕಿಯಾಗಬಹುದು, ಮನೆಯ ಬೆಕ್ಕಾಗಬಹುದು. ಬೆಕ್ಕಿನ ಹಾಡುಗಳ ಸಂಖ್ಯೆ ಅಗತ್ಯಕ್ಕಿಂತ ಹೆಚ್ಚೇ ಇದೆ. ಅಂಥ ಕೋಣೆಯಲ್ಲಿ ಹೆಸರಾಂತ ಕಾದಂಬರಿಕಾರನೂ ಪಾಳಿಗಾಗಿ ಕಾದು ಕುಳಿತಿರುತ್ತಾನೆ. ಪಕ್ಕದಲ್ಲಿ ನಡುಗುವ ದನಿಯಲ್ಲಿ ಮೊದಲ ಸಲ ಹಾಡುತ್ತಿರುವ ಕಾಲೇಜು ಹುಡುಗಿ ಕಾದಂಬರಿಕಾರನ ಪುಸ್ತಕದ ಮೇಲೆಯೇ ಹಾಡು ಕಟ್ಟಿರಬಹುದು.

ಈ ಕೋಣೆಗಳಿಂದ ಹೊರಟ ಹಾಡು ಎಲ್ಲಿಯವರೆಗೆ ಹೋಗಬಲ್ಲುದು? ಜಾರ್ಡಿನ್ ಕೇರ್ ಎಂಬ ವಿಜ್ಞಾನಿಯ ಹಾಡಿನ ಕಥೆಯನ್ನು ಕೇಳಬೇಕು. ಕೇರ್ ಖಗೋಳ ಭೌತಶಾಸ್ತ್ರವನ್ನು ಓದಿ, ಲೇಸರ್ ಬೆಳಕಿನ ಬಲದಿಂದ ಆಕಾಶಕ್ಕೆ ನೌಕೆಗಳನ್ನು ಏರಿಸುವ ಬಗೆಯನ್ನು ಸಂಶೋಧಿಸುತ್ತಿದ್ದವರು. ಅವರು ಕೂಡಿ ಕಟ್ಟಿದ ಸಂಸ್ಥೆ 2009ರಲ್ಲಿ ನಾಸಾದ ಸ್ಪರ್ಧೆಯೊಂದರಲ್ಲಿ 9 ಲಕ್ಷ ಡಾಲರುಗಳ ಬಹುಮಾನವನ್ನೂ ಗೆದ್ದಿತು. ರಾತ್ರಿಯ ಬೈಠಕ್ಕುಗಳಲ್ಲಿ ಅವರು ಗಾಯಕ. ಕೊಲಂಬಿಯಾ ಎಂಬ ಬಾಹ್ಯಾಕಾಶ ನೌಕೆ ಮೊದಲ ಸಲ ಮೇಲಕ್ಕೇರಿದ್ದು 1981ರ ಏಪ್ರಿಲ್ 12ರಂದು. ಗಗಾರಿನ್ ಆಕಾಶಕ್ಕೆ ಹಾರಿ ಅಂದಿಗೆ ಸರಿಯಾಗಿ ಇಪ್ಪತ್ತು ವರ್ಷ. ಆ ಸಂಭ್ರಮದಲ್ಲಿ ಕೇರ್ ‘ಫೈರ್ ಇನ್ ದಿ ಸ್ಕೈ’ ಎಂಬ ಹಾಡನ್ನು ಕಟ್ಟಿದರು. 1986ರಲ್ಲಿ ಚಾಲೆಂಜರ್ ನೌಕೆ ಸಿಡಿದು ಏಳು ಮಂದಿ ಮಡಿದ ಮೇಲೆ ಆ ಸಂಭ್ರಮದ ಹಾಡಿಗೆ ಶೋಕದ ನುಡಿಯೊಂದು ಸೇರಿತು. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆಯೇ ಭೂಮಿಗೆ ಮರಳುವ ದಾರಿಯಲ್ಲಿ ಛಿದ್ರವಾಯಿತು. ಕರ್ನಾಲಿನಲ್ಲಿ ಹುಟ್ಟಿ ಬೆಳೆದ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಅದರಲ್ಲಿದ್ದರು. ಆ ದುರಂತದ ಸಂದರ್ಭದಲ್ಲಿ ಚಂದ್ರನ ಮೇಲೆ ನಡೆದ ಎರಡನೆಯ ಮನುಷ್ಯ ಬಜ್ ಆಲ್ಡ್ರಿನ್ ಟೆಲಿವಿಷನ್ನಿನಲ್ಲಿ ಮಾತನಾಡುತ್ತ ಈ ಹಾಡಿನ ಸಾಲುಗಳನ್ನು ಓದತೊಡಗಿದರು. ಓದುತ್ತಿದ್ದಂತೆ ಗಂಟಲು ಕಟ್ಟಿತು, ಕಣ್ಣೀರು ಬಂದಿತು. ಹೋಟೆಲಿನ ಮೂಲೆಯ ಕೋಣೆಯಲ್ಲಿ ಓದುಗರು ತಮಗೆ ತಾವೇ ಹಾಡಿಕೊಳ್ಳುತ್ತಿದ್ದ ಪದ್ಯ ಚಂದ್ರನ ಮಣ್ಣನ್ನು ತುಳಿದವರ ನಾಲಗೆಗೆ ಬಂದಿತ್ತು. ಕೇರ್ 2017ರಲ್ಲಿ ತೀರಿಕೊಂಡರು.

ಮೆಟ್ಟಿಲ ಸಾಲಿನಿಂದ ಸಭಾಂಗಣಕ್ಕೆ ಬರುವ ದಾರಿ ನಿಧಾನದ್ದಾಗಿತ್ತು. 1979ರಲ್ಲಿ ಶಿಕಾಗೋದಲ್ಲಿ ಹಾಡಿಗೆಂದೇ ಪ್ರತ್ಯೇಕ ಸಮ್ಮೇಳನ ಸೇರಿತು. ಓಹಾಯೋದ ಉತ್ಸವವು 1984ರಿಂದ ಪೆಗಾಸಸ್ ಪ್ರಶಸ್ತಿಗಳನ್ನು ನೀಡತೊಡಗಿತು. ಈಚೆಗೆ ಗಾಯಕರ ಹೆಸರು ಗೌರವಾತಿಥಿಗಳ ಪಟ್ಟಿಯಲ್ಲಿಯೇ ಅಚ್ಚಾಗುತ್ತಿದೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನಡೆದ ವಿಶ್ವ ಸಮ್ಮೇಳನ ಫ್ರ್ಯಾಂಕ್ ಹೇಯ್ಸ್ ಎಂಬ ಗಾಯಕರನ್ನು ಕರೆಸಿತು. ಹಾಡಿನ ನಡುವೆ ಸಾಹಿತ್ಯ ಮರೆತು ನಿಲ್ಲುವುದಕ್ಕೆ ಇವರ ಹೆಸರು ಎಷ್ಟು ಪ್ರಸಿದ್ಧವೆಂದರೆ ಆ ಬಳಗದಲ್ಲಿ ಯಾರೇ ಸಾಲು ಮರೆತರೂ ‘ಫ್ರ್ಯಾಂಕ್ ಹೇಯ್ಸ್ ಕಾಯಿಲೆ’ ತಗುಲಿತೆನ್ನುತ್ತಾರೆ! ಅದೇ ಸಮ್ಮೇಳನದ ಮತ್ತೊಬ್ಬ ಅತಿಥಿ ಕಥೆಗಾರ ಸ್ಪೈಡರ್ ರಾಬಿನ್ಸನ್. ಅವರೂ ಗಿಟಾರು ಹಿಡಿದು ಹಾಡುವವರೇ.

ಮಿನೆಸೋಟ ರಾಜ್ಯದ ‘ಮಿನಿಕಾನ್’ ಸಮ್ಮೇಳನದಲ್ಲಂತೂ ಇವೆರಡೂ ಒಂದೇ ಮನೆಯ ಮಾತಾದವು. 2015ರಲ್ಲಿ ಅದರ ಐವತ್ತನೆಯ ಸಮ್ಮೇಳನಕ್ಕೆ ಅತಿಥಿಗಳಾಗಿ ಬಂದವರಲ್ಲಿ ಲೇಖಕಿ ಜೇನ್ ಯೋಲೆನ್ ಮತ್ತು ಅವರ ಮಗ, ಗಾಯಕ ಆಡಮ್ ಸ್ಟೆಂಪಲ್ ಇಬ್ಬರೂ ಇದ್ದರು. ಮಗನಿದ್ದ ‘ಕ್ಯಾಟ್ಸ್ ಲಾಫಿಂಗ್’ ಎಂಬ ವಾದ್ಯತಂಡ ಬಹಳ ವರ್ಷಗಳ ಮೇಲೆ ಮತ್ತೆ ಒಂದುಗೂಡಿ ಅಲ್ಲಿ ಕಚೇರಿ ನಡೆಸಿತು. ತಂಡದ ಎಮ್ಮಾ ಬುಲ್ ಮತ್ತು ಸ್ಟೀವನ್ ಬ್ರಸ್ಟ್ ಇಬ್ಬರೂ ಪ್ರಸಿದ್ಧ ಕಾದಂಬರಿಕಾರರು. ಎಮ್ಮಾ ಬುಲ್ 1987ರಲ್ಲಿ ಪ್ರಕಟಿಸಿದ ‘ವಾರ್ ಫಾರ್ ದಿ ಓಕ್ಸ್’ ಕಾದಂಬರಿಯ ನಾಯಕಿಯೂ ವಾದ್ಯತಂಡವೊಂದರ ಗಾಯಕಿ. ಇನ್ನು ಶಾನನ್ ಮಗ್ವಾಯರ್ ಎಂಬ ಲೇಖಕಿಯ ದಾರಿ ನೋಡಿ: ಬೈಠಕ್ಕುಗಳಲ್ಲಿ ಹಾಡಿ ಹೆಸರಾದವರು, 2010ರಲ್ಲಿ ಮೆಲ್ಬರ್ನಿನಲ್ಲಿ ಉತ್ತಮ ಹೊಸ ಲೇಖಕಿಯೆಂಬ ಗೌರವವನ್ನು ಪಡೆದರು, 2012ರಲ್ಲಿ ಅವರ ಹಾಡುಗಳ ಧ್ವನಿಮುದ್ರಿಕೆಯೇ ಹ್ಯೂಗೋ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದಿತು, 2017ರಲ್ಲಿ ಕಿರುಕಾದಂಬರಿಗೆ ಹ್ಯೂಗೋ ಪ್ರಶಸ್ತಿಯೇ ದೊರೆಯಿತು.

ಹಾಡಿನಿಂದ ಕಾದಂಬರಿ ಹುಟ್ಟಿದ್ದೂ ಉಂಟು. ‘ಕ್ಲಿಪಿಂಗ್’ ಎಂಬ ತಂಡದ ‘ದಿ ಡೀಪ್’ ಎಂಬ ಹಾಡು, ಗುಲಾಮರ ಹಡಗುಗಳಿಂದ ಕಡಲಿಗೆ ಎಸೆಯಲ್ಪಟ್ಟ ಗರ್ಭಿಣಿಯರ ಮಕ್ಕಳು ನೀರಿನಾಳದಲ್ಲಿ ಬೇರೊಂದು ಜನಾಂಗವಾಗಿ ಬಾಳಿದ ಕಲ್ಪನೆಯ ಮೇಲೆ ನಿಂತಿದೆ. 2018ರಲ್ಲಿ ಅದು ಹ್ಯೂಗೋ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ಮರುವರ್ಷ ರಿವರ್ಸ್ ಸಾಲೊಮನ್ ಆ ಹಾಡನ್ನೇ ಆಧರಿಸಿ ಅದೇ ಹೆಸರಿನ ಕಿರುಕಾದಂಬರಿಯನ್ನು ಹೊರತಂದರು.

ಇಷ್ಟಾದರೂ ಇಂಥ ಸಮ್ಮೇಳನಗಳ ಅತಿಥಿಗಳಿಗೆ ದೊರೆಯುವುದೇನು? ಸಾಮಾನ್ಯವಾಗಿ ಪ್ರಯಾಣದ ವೆಚ್ಚ, ಇರಲು ಕೋಣೆ, ಊಟ. ಸಂಭಾವನೆಯ ಮಾತು ಅಪರೂಪ. ನಡೆಸುವವರೂ ಬಿಡುವಿನ ವೇಳೆಯಲ್ಲಿ ದುಡಿಯುವ ಓದುಗರೇ. ಬರುವವರು ಟಿಕೆಟ್ಟು ಕೊಂಡ ಪ್ರೇಕ್ಷಕರಲ್ಲ, ಚಂದಾ ಕೊಟ್ಟ ಸದಸ್ಯರು. ಸಿನಿಮಾ ತಾರೆಯರನ್ನು ಕರೆಸಿ ಹಸ್ತಾಕ್ಷರಕ್ಕಿಷ್ಟು, ಛಾಯಾಚಿತ್ರಕ್ಕಿಷ್ಟು ಎಂದು ದರ ನಿಗದಿ ಮಾಡುವ ವ್ಯಾಪಾರೀ ಮೇಳಗಳು ಬೇರೆ. ಇಲ್ಲಿ ಲೇಖಕರೊಡನೆ ಹತ್ತಾರು ಮಂದಿ ಒಂದು ಮೇಜಿನ ಸುತ್ತ ಕಾಫಿ ಕುಡಿಯುತ್ತ ಗಂಟೆ ಹೊತ್ತು ಹರಟುವ ಪದ್ಧತಿಯೂ ಇದೆ. ಲೇಖಕರಿಗೆ ಹೇಗೂ ಪುಸ್ತಕಗಳು ನಾಲ್ಕು ಪ್ರತಿ ಹೆಚ್ಚಾಗಿ ಮಾರಾಟವಾದಾವು. ಕಷ್ಟ ಗಾಯಕರದು. ನೌಕರಿ ಮಾಡಿಕೊಂಡು ಹಾಡುವವರು ಸಾವಿರ ಮೈಲಿ ದೂರದ ಊರಿಗೆ ಸ್ವಂತ ಖರ್ಚಿನಿಂದ ಹೇಗೆ ಹೋದಾರು? ಇದಕ್ಕೆಂದೇ ‘ಇಂಟರ್‌ಫಿಲ್ಕ್’ ಎಂಬ ಸಂಸ್ಥೆ ಇದೆ. ಅಭಿಮಾನಿಗಳು ಕೊಟ್ಟ ಪುಸ್ತಕ, ಧ್ವನಿಮುದ್ರಿಕೆ, ಕೈಕೆಲಸದ ವಸ್ತುಗಳನ್ನು ಹರಾಜು ಹಾಕಿ, ಬಂದ ಹಣದಿಂದ ಗಾಯಕರನ್ನು ದೂರದೂರದ ಸಮ್ಮೇಳನಗಳಿಗೆ ಅತಿಥಿಗಳಾಗಿ ಕಳುಹಿಸಿಕೊಡುತ್ತದೆ.

ಸಮ್ಮೇಳನದ ಕೊನೆಯ ರಾತ್ರಿಯ ಬೈಠಕ್ಕಿಗೆ ಅವರಿಟ್ಟ ಹೆಸರು ‘ಸತ್ತ ನಾಯಿ’. ದಣಿದು ಹೆಣದಂತಾದವರ ಕೂಟವೆಂದು ಅರ್ಥ. ಮಳಿಗೆಗಳು ಕಟ್ಟಿಹೋಗಿರುತ್ತವೆ, ಫಲಕಗಳನ್ನು ಇಳಿಸಿರುತ್ತಾರೆ. ಮರುದಿನ ಬೆಳಗ್ಗೆ ವಿಮಾನವೋ ರೈಲೋ ಇರುವವರು, ಗಂಟಲು ಕಟ್ಟಿದವರು, ಇನ್ನೂ ಒಂದು ಪಾಳಿ ಬರಲೆಂದು ಕಾದಿರುವವರು ಮಾತ್ರ ಉಳಿದಿರುತ್ತಾರೆ. ಗೌರವಾತಿಥಿಯ ಬಿಲ್ಲೆಯನ್ನು ಕಳಚಿ ಜೇಬಿಗೆ ಹಾಕಿಕೊಂಡವರೂ ಅವರ ನಡುವೆ ಒಂದು ಕುರ್ಚಿ ಎಳೆದುಕೊಂಡು ಕೂರುತ್ತಾರೆ.